ಉಸಿರು, ಮದ್ದು, ಮಾತು: ನಿತ್ಯಾನಂದರ ಬದುಕು ಮತ್ತು 'ಚಿದಾಕಾಶ ಗೀತೆ'

1. ಪ್ರವೇಶ

ಕನ್ನಡದ ಅನುಭಾವ ಸಾಹಿತ್ಯವನ್ನು ಕುರಿತ ಚರ್ಚೆ ಸಾಮಾನ್ಯವಾಗಿ ವಚನ, ಕೀರ್ತನೆ, ತತ್ವಪದ ಎಂಬ ಮೂರು ನೆಲೆಗಳಲ್ಲಿ ನಡೆದುಬಂದಿದೆ. ಈ ಮೂರರಲ್ಲಿಯೂ ಅನುಭಾವಿಯೇ ಕರ್ತೃ. ಅವನ ಅಂಕಿತವೇ ಪಠ್ಯದ ಗುರುತು. ಅಂಕಿತವಿಲ್ಲದ, ಹಾಡಿನ ಹಂಗಿಲ್ಲದ, ಒಬ್ಬರು ಆಡಿ ಇನ್ನೊಬ್ಬರು ಬರೆದಿಟ್ಟ ಗದ್ಯರೂಪದ ಮಾತು ಅನುಭಾವ ಸಾಹಿತ್ಯದ ವ್ಯಾಪ್ತಿಗೆ ಬರುತ್ತದೆಯೇ ಎಂಬ ಪ್ರಶ್ನೆ ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ ಗಂಭೀರವಾಗಿ ಎದ್ದಿಲ್ಲ. ಈ ಪ್ರಶ್ನೆಯನ್ನು ಎತ್ತಿಕೊಳ್ಳಲು ಕರಾವಳಿಯಲ್ಲಿಯೇ ಒಂದು ಮಹತ್ವದ ನಿದರ್ಶನವಿದೆ. 1920ರ ದಶಕದಲ್ಲಿ ಮಂಗಳೂರಿನಲ್ಲಿ ನಿತ್ಯಾನಂದರು ಭಾವಪರವಶ ಸ್ಥಿತಿಯಲ್ಲಿ ಆಡಿದ ಮಾತುಗಳನ್ನು ತುಳಸಿಅಮ್ಮ ಎಂಬ ಶಿಷ್ಯೆ ಕನ್ನಡದಲ್ಲಿ ಬರೆದಿಟ್ಟರು. 'ಚಿದಾಕಾಶ ಗೀತೆ' ಎಂಬ ಹೆಸರಿನಿಂದ ಪ್ರಸಿದ್ಧವಾದ ಕೃತಿ ಅದೇ.

ನಿತ್ಯಾನಂದರನ್ನು ಜನ ಎರಡು ಬಗೆಯಾಗಿ ನೆನೆಯುತ್ತಾರೆ: ರೋಗ ವಾಸಿಮಾಡಿದ ಅವಧೂತರೆಂದು ಮತ್ತು ಯೋಗರಹಸ್ಯ ಬೋಧಿಸಿದ ಗುರುವೆಂದು. ಭಕ್ತರ ಕಥನಗಳಲ್ಲಿ ಮೊದಲ ರೂಪ ಎದ್ದು ಕಾಣುತ್ತದೆ. ಯೋಗವನ್ನು ಕುರಿತ ಬರವಣಿಗೆಗಳಲ್ಲಿ ಎರಡನೆಯದು. ಇವೆರಡನ್ನೂ ಬೇರೆ ಬೇರೆಯಾಗಿ ನೋಡುವುದರಿಂದ ಆ ಬದುಕಿನ ಮೂಲಸೂತ್ರ ಕೈತಪ್ಪುತ್ತದೆ. ಅವರ ಮದ್ದಿಗೂ ಮಾತಿಗೂ ನಡುವಿನ ಕೊಂಡಿ ಉಸಿರು. ಈ ಕೊಂಡಿಯನ್ನು ಗುರುತಿಸುವುದು, ಆ ಮೂಲಕ 'ಚಿದಾಕಾಶ ಗೀತೆ'ಯನ್ನು ಒಂದು ಕನ್ನಡ ಪಠ್ಯವಾಗಿ ಓದುವುದು ಪ್ರಸ್ತುತ ಲೇಖನದ ಉದ್ದೇಶ. ಹೋಲಿಕೆಗಾಗಿ ತಮಿಳು ಸಿದ್ಧ ಪರಂಪರೆಯನ್ನೂ, ವಿಶೇಷವಾಗಿ ವಡಲೂರಿನ ರಾಮಲಿಂಗ ಸ್ವಾಮಿಗಳನ್ನೂ ಇಲ್ಲಿ ಗಮನಿಸಲಾಗಿದೆ.

2. ಕರಾವಳಿಯ ಸಿದ್ಧಭೂಮಿಕೆ

ನಿತ್ಯಾನಂದರು ಓಡಾಡಿದ ಕರಾವಳಿ ಇಂದು ಎರಡು ರಾಜ್ಯಗಳಲ್ಲಿ ಹಂಚಿಹೋಗಿದೆ. ಅವರ ಕಾಲಕ್ಕೆ ಅದು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡವೆಂಬ ಒಂದೇ ಜಿಲ್ಲೆಯಾಗಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ ಮೇಲೆಯೂ ಕುಂದಾಪುರ ದಕ್ಷಿಣ ಕನ್ನಡದಲ್ಲಿಯೇ ಉಳಿಯಿತು. ದಕ್ಷಿಣದ ತುದಿಯಲ್ಲಿ ಕಾಸರಗೋಡು, ಹೊಸದುರ್ಗಗಳಿದ್ದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಭಾಗ ಕೇರಳಕ್ಕೆ ಹೋಯಿತು. ಈ ಆಡಳಿತ ಚರಿತ್ರೆಯನ್ನು ಮರೆತರೆ ನಿತ್ಯಾನಂದರು 'ಕೇರಳದಿಂದ ಬಂದ ಹೊರಗಿನವರು' ಎಂಬ ಸರಳ ತೀರ್ಮಾನಕ್ಕೆ ಬರುವ ಅಪಾಯವಿದೆ. ಕಾಞಂಗಾಡಿನಿಂದ ಉಡುಪಿಯವರೆಗಿನ ಅವರ ಸಂಚಾರ ಒಂದೇ ಜಿಲ್ಲೆಯೊಳಗಿನ, ಕನ್ನಡ, ತುಳು, ಕೊಂಕಣಿ, ಮಲಯಾಳಂಗಳು ಬೆರೆತ ಒಂದೇ ಬಹುಭಾಷಿಕ ಪರಿಸರದೊಳಗಿನ ಸಂಚಾರವಾಗಿತ್ತು.

ಈ ಪ್ರದೇಶಕ್ಕೆ ಸಿದ್ಧರ ಕಲ್ಪನೆ ಹೊಸದಲ್ಲ. ಮಂಗಳೂರಿನ ಕದ್ರಿ ಬೌದ್ಧ, ಶೈವ, ನಾಥ ಪರಂಪರೆಗಳು ಒಂದರ ಮೇಲೊಂದು ಪದರಗಟ್ಟಿರುವ ಕ್ಷೇತ್ರ. ಆಳುಪ ಅರಸ ಕುಂದವರ್ಮನು ಕ್ರಿ.ಶ. 968ರಲ್ಲಿ ಪ್ರತಿಷ್ಠಾಪಿಸಿದ ಲೋಕೇಶ್ವರನ ಕಂಚಿನ ವಿಗ್ರಹ ಅಲ್ಲಿದೆ, ಪಕ್ಕದಲ್ಲಿಯೇ ಜೋಗಿಮಠವಿದೆ. ಹನ್ನೆರಡು ವರ್ಷಗಳಿಗೊಮ್ಮೆ ನಾಸಿಕದ ತ್ರ್ಯಂಬಕೇಶ್ವರದಿಂದ ಕಾಲ್ನಡೆಯಲ್ಲಿ ಹೊರಡುವ ನಾಥಯೋಗಿಗಳು ಕದ್ರಿಗೆ ಬಂದು ಹೊಸ ಪೀಠಾಧಿಪತಿಯನ್ನು ಕೂರಿಸುವ ಪದ್ಧತಿ ಇಂದಿಗೂ ಉಳಿದಿದೆ. ಕುಂದಾಪುರ ತಾಲ್ಲೂಕಿನ ಘಟ್ಟದ ಬುಡದಲ್ಲಿರುವ ಸಿದ್ದಾಪುರ ತನ್ನ ಹೆಸರಿನಲ್ಲಿಯೇ ಸಿದ್ಧರ ನೆನಪನ್ನು ಇರಿಸಿಕೊಂಡಂತೆ ತೋರುತ್ತದೆ. ಆ ಸೀಮೆಯ ಯಡಮೊಗೆಯ ಹಲವರಿ ಮಠ ನಾಥಪಂಥಕ್ಕೆ ಸೇರಿದುದು. ಹೀಗೆ ಘಟ್ಟದಿಂದ ಕಡಲಿನವರೆಗೆ ಅಲೆಮಾರಿ ಯೋಗಿ ಜನರಿಗೆ ಪರಿಚಿತ ವ್ಯಕ್ತಿಯಾಗಿದ್ದ. ಅವನಿಂದ ಜನ ನಿರೀಕ್ಷಿಸುತ್ತಿದ್ದುದು ಉಪದೇಶವೊಂದನ್ನೇ ಅಲ್ಲ. ಬೂದಿ, ಬೇರು, ಸೊಪ್ಪು, ಒಂದು ಒಳ್ಳೆಯ ಮಾತು ಎಲ್ಲವನ್ನೂ.

ಈ ನಿರೀಕ್ಷೆಗೆ ವಾಸ್ತವದ ಕಾರಣವೂ ಇತ್ತು. ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಪಶ್ಚಿಮಘಟ್ಟದ ಬುಡದ ಹಳ್ಳಿಗಳನ್ನು ಚಳಿಜ್ವರ ವರ್ಷವರ್ಷವೂ ಕಾಡುತ್ತಿತ್ತು. ಸಿಡುಬು ಬಂದರೆ ಅದು ಮಾರಿಯ ಮುನಿಸು. ಆಸ್ಪತ್ರೆ ದೂರ, ಹತ್ತಿರವಿದ್ದುದು ಹಳ್ಳಿಮದ್ದು ಮತ್ತು ಹರಕೆ. ಆಷಾಢದ ಅಮಾವಾಸ್ಯೆಯ ಬೆಳಗ್ಗೆ ಹಾಲೆಮರದ ತೊಗಟೆಯ ಕಷಾಯ ಕುಡಿಯುವ ರೂಢಿ ಕರಾವಳಿಯಲ್ಲಿ ಈಗಲೂ ಇದೆ. ಮದ್ದು ಮತ್ತು ಆಚರಣೆಗಳ ನಡುವೆ ಗೆರೆ ಎಳೆಯದ ಈ ಲೋಕದೃಷ್ಟಿಯೇ ನಿತ್ಯಾನಂದರ ಚಿಕಿತ್ಸೆಯ ಕಥನಗಳ ಹಿನ್ನೆಲೆ.

3. ಬದುಕು: ಚರಿತ್ರೆ ಮತ್ತು ಐತಿಹ್ಯ

ನಿತ್ಯಾನಂದರ ಬಾಲ್ಯದ ವಿವರಗಳಿಗೆ ಭಕ್ತರ ಕಥನಗಳೇ ಮುಖ್ಯ ಆಕರ. ಹುಟ್ಟಿದ್ದು ಸುಮಾರು 1897ರಲ್ಲಿ, ಕೋಯಿಕ್ಕೋಡು ಬಳಿಯ ಕೊಯಿಲಾಂಡಿ ಪರಿಸರದಲ್ಲಿ ಎಂಬುದು ರೂಢಿಯ ಮಾತು. ತಂದೆತಾಯಿ ಯಾರೆಂದು ತಿಳಿಯದ ಕೂಸನ್ನು ಉಣ್ಣಿಯಮ್ಮ ಎಂಬ ಕೂಲಿ ಹೆಣ್ಣುಮಗಳು ಸಾಕಿದಳು, ಹೆಸರು ರಾಮನ್. ಸಾಕುತಂದೆತಾಯಿಯರು ತೀರಿಕೊಂಡ ಮೇಲೆ, ಉಣ್ಣಿಯಮ್ಮ ಕೆಲಸ ಮಾಡುತ್ತಿದ್ದ ಮನೆಯ ವಕೀಲರಾದ ಈಶ್ವರ ಅಯ್ಯರ್ ಹುಡುಗನನ್ನು ನೋಡಿಕೊಂಡರು. ಅಯ್ಯರ್ ಎಂಬುದು ತಮಿಳು ಸ್ಮಾರ್ತ ಸಮುದಾಯದ ಹೆಸರು. ಮಲಯಾಳಂ ನೆಲದ ಕೂಲಿ ತಾಯಿ, ತಮಿಳು ಹಿನ್ನೆಲೆಯ ವಕೀಲ ಪೋಷಕ, ಮುಂದೆ ಕನ್ನಡದಲ್ಲಿ ಬರೆಯಿಸಿಕೊಂಡ ಮಾತು, ಕೊನೆಗೆ ಮರಾಠಿ ನೆಲದಲ್ಲಿ ಸಮಾಧಿ. ಒಂದೇ ಭಾಷೆಯ, ಒಂದೇ ಜಾತಿಯ ಚೌಕಟ್ಟಿಗೆ ಒಗ್ಗದ ಬದುಕು ಇದು. ಹೆಸರು ಬದಲಾದದ್ದಕ್ಕೂ ಒಂದು ಕಥೆಯಿದೆ: ಹುಡುಗನ ಸಂಗದಲ್ಲಿ ತಮಗೆ ದೊರೆತ ಆನಂದವನ್ನು ಕಂಡು ಅಯ್ಯರ್ ಅವನನ್ನು ನಿತ್ಯಾನಂದನೆಂದು ಕರೆದರಂತೆ.

ಶೈಶವದ ಐತಿಹ್ಯವೊಂದು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಕೂಸಿಗೆ ತೀವ್ರ ಕಾಯಿಲೆಯಾದಾಗ ದಾರಿಹೋಕ ಸಿದ್ಧನೊಬ್ಬ ಕಾಗೆಯ ಮಾಂಸವನ್ನು ತುಪ್ಪದಲ್ಲಿ ಬೇಯಿಸಿ ಕೊಡಲು ಹೇಳಿದನೆಂದೂ, ಅದರಿಂದ ಕಾಯಿಲೆ ವಾಸಿಯಾಗಿ ಮೈಬಣ್ಣ ಕಪ್ಪಾಯಿತೆಂದೂ ಕಥೆ ಹೇಳುತ್ತದೆ. ಇದರ ವೈದ್ಯಕೀಯ ಸತ್ಯಾಸತ್ಯತೆ ಇಲ್ಲಿ ಮುಖ್ಯವಲ್ಲ. ಮುಂದೆ ರೋಗ ನೀಗುವವನಾಗಲಿರುವವನು ಮೊದಲು ತಾನೇ ರೋಗಿಯಾಗಿದ್ದ, ತನ್ನ ಮೈಯಲ್ಲಿಯೇ ಮದ್ದಿನ ಗುರುತನ್ನು ಹೊತ್ತಿದ್ದ ಎಂಬುದು ಕಥನದ ಆಶಯ. ಅಶುದ್ಧವೆನಿಸಿದ ವಸ್ತುವೇ ಇಲ್ಲಿ ಮದ್ದಾಗಿರುವುದೂ ಗಮನಾರ್ಹ. ಮಡಿಮೈಲಿಗೆಯ ಕಟ್ಟನ್ನು ಮೀರಿದ ಅವಧೂತ ಮಾರ್ಗದ ಮೊದಲ ಸೂಚನೆಯನ್ನು ಐತಿಹ್ಯ ಹೀಗೆ ತೊಟ್ಟಿಲಿನಲ್ಲಿಯೇ ಇರಿಸಿದೆ.

ಅಯ್ಯರ್ ಜೊತೆಗಿನ ಕಾಶಿಯಾತ್ರೆ, ಅನಂತರದ ಹಿಮಾಲಯ ಸಂಚಾರಗಳ ಬಳಿಕ ಅವರು ದಕ್ಷಿಣಕ್ಕೆ ಮರಳಿದರು. ಈ ಘಟ್ಟದಲ್ಲಿ ತಮಿಳುನಾಡಿನ ಪಳನಿಗೆ ಸಂಬಂಧಿಸಿದ ಐತಿಹ್ಯವೊಂದಿದೆ. ಮುಚ್ಚಿದ ಗುಡಿಯ ಬಾಗಿಲು ಅವರಿಗಾಗಿ ತಾನಾಗಿ ತೆರೆಯಿತೆಂದೂ, ಭಕ್ತರು ಅವರ ಮುಂದೆ ಸುರಿದ ಹಣ ಸಾಧುಗಳಿಗೆ ಗಂಜಿ ಕಾಯಿಸಲು ಬಳಕೆಯಾಯಿತೆಂದೂ ಹೇಳುತ್ತಾರೆ. ಪಳನಿ ತಮಿಳು ಪರಂಪರೆಯಲ್ಲಿ ಭೋಗರ್ ಸಿದ್ಧರ ಕ್ಷೇತ್ರ. ಅಲ್ಲಿಯ ಮುರುಗನ ಮೂರ್ತಿಯನ್ನು ಅವರು ನವಪಾಷಾಣಗಳಿಂದ, ಮದ್ದಿನ ಗುಣವಿರುವಂತೆ ಮಾಡಿದರೆಂಬ ನಂಬಿಕೆಯಿದೆ. ಆ ಕ್ಷೇತ್ರವನ್ನೇ ಆಯ್ದುಕೊಂಡ ಐತಿಹ್ಯ ನಿತ್ಯಾನಂದರನ್ನು ಮದ್ದು ಬಲ್ಲ ಸಿದ್ಧರ ಸಾಲಿನಲ್ಲಿ ನಿಲ್ಲಿಸುತ್ತದೆ. ಆದರೆ ಕಥೆ ಬಾಗಿಲಿನ ಪವಾಡದಲ್ಲಿ ನಿಲ್ಲದೆ ಗಂಜಿಯಲ್ಲಿ ಮುಗಿಯುತ್ತದೆ.

ಉಡುಪಿ, ಮಂಗಳೂರುಗಳಲ್ಲಿ ಕೌಪೀನಧಾರಿಯಾಗಿ ತಿರುಗಾಡುತ್ತಿದ್ದ ಅವರು ಕಾಞಂಗಾಡಿನಲ್ಲಿ ನೆಲೆನಿಂತು ಬಂಡೆಯಲ್ಲಿ ಗುಹೆಗಳನ್ನು ಕೊರೆಸಿದರು. ಹೊಸದುರ್ಗದ ಕೋಟೆ ಕೆಳದಿಯ ನಾಯಕರ ಕಾಲದ್ದು. ಅದರ ಆಸುಪಾಸಿನ ಆಶ್ರಮದಲ್ಲಿ ಇಂದು 45 ಗುಹೆಗಳನ್ನು ತೋರಿಸುತ್ತಾರೆ. ಕೂಲಿಯವರಿಗೆ ಕೊಡಲು ಹಣ ಎಲ್ಲಿಂದ ಬರುತ್ತಿತ್ತೆಂಬ ಬಗ್ಗೆ ಅಧಿಕಾರಿಗಳು ವಿಚಾರಣೆಗೆ ಬಂದ ಕಥೆಗಳು ಹಲವು. ಪವಾಡದ ಭಾಗವನ್ನು ಬಿಟ್ಟು ನೋಡಿದರೂ ಇವುಗಳಲ್ಲಿ ಸಾಮಾಜಿಕ ಅರ್ಥವಿದೆ. ಸಂನ್ಯಾಸಿ ಭಿಕ್ಷೆ ಬೇಡುವವನಲ್ಲ, ದುಡಿಮೆ ಕೊಡುವವನು ಎಂಬ ಚಿತ್ರವನ್ನು ಅವು ಜನಮನಸ್ಸಿನಲ್ಲಿ ಉಳಿಸಿವೆ.

1936ರ ಸುಮಾರಿಗೆ ಅವರು ಇಂದಿನ ಮಹಾರಾಷ್ಟ್ರದ ಠಾಣೆ ಜಿಲ್ಲೆಯ ವಜ್ರೇಶ್ವರಿ, ಗಣೇಶಪುರಿ ಪ್ರದೇಶಕ್ಕೆ ಹೋದರು. ಅಲ್ಲಿಯ ಬಿಸಿನೀರಿನ ಬುಗ್ಗೆಗಳ ಪಕ್ಕದಲ್ಲಿ ಕಾಲು ಶತಮಾನ ಕಳೆದು 1961ರ ಆಗಸ್ಟ್ 8ರಂದು ದೇಹ ಬಿಟ್ಟರು. ಮುಂಬಯಿಯ ಹೋಟೆಲುಗಳಲ್ಲಿ ದುಡಿಯಲು ಹೋದ ಕುಂದಾಪುರ, ಉಡುಪಿ, ಮಂಗಳೂರು ಸೀಮೆಯವರಿಗೆ ಗಣೇಶಪುರಿ ಊರಿನ ಗುರು ಇರುವ ಜಾಗವಾಯಿತು. ನಮ್ಮ ಕಡೆಯ ಅನೇಕ ಮನೆಗಳ, ಹೋಟೆಲುಗಳ ಗೋಡೆಯ ಮೇಲೆ ಅವರ ಪಟ ಕಾಣುವುದರ ಹಿಂದೆ ಈ ವಲಸೆಯ ಚರಿತ್ರೆಯಿದೆ. ಅವರ ಶಿಷ್ಯರಲ್ಲಿ ವಿಶ್ವಪ್ರಸಿದ್ಧರಾದ ಮುಕ್ತಾನಂದರೂ 1908ರಲ್ಲಿ ಮಂಗಳೂರು ಸೀಮೆಯಲ್ಲಿ ಹುಟ್ಟಿ, ಹುಬ್ಬಳ್ಳಿಯ ಸಿದ್ಧಾರೂಢರ ಮಠದಲ್ಲಿ ಕಲಿತು ಗಣೇಶಪುರಿಗೆ ಹೋದವರು.

4. ಮದ್ದು: ಚಿಕಿತ್ಸೆಯ ಕಥನಗಳ ಸ್ವರೂಪ

ನಿತ್ಯಾನಂದರ ಬಗ್ಗೆ ಇಂಗ್ಲಿಷಿನಲ್ಲಿ ಬಂದ ವಿಸ್ತಾರವಾದ ಜೀವನಚರಿತ್ರೆ ಎಂ. ಯು. ಹಟ್ಟಂಗಡಿ ಅವರದು, ಅದು 1984ರಲ್ಲಿ ಪ್ರಕಟವಾಯಿತು. ಲೇಖಕರ ಮನೆತನದ ಹೆಸರು ಕುಂದಾಪುರ ತಾಲ್ಲೂಕಿನ ಹಟ್ಟಿಯಂಗಡಿಯನ್ನು ನೆನಪಿಸುತ್ತದೆ. ಅಲ್ಲಿಯೂ ಇತರ ಭಕ್ತಕಥನಗಳಲ್ಲಿಯೂ ಬರುವ ರೋಗನಿವಾರಣೆಯ ಪ್ರಸಂಗಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಸೊಪ್ಪು, ಬೇರು, ಕೈಗೆ ಸಿಕ್ಕಿದ ಎಲೆಗಳನ್ನು ಕೊಟ್ಟು ವಾಸಿಮಾಡಿದ ಕಥೆಗಳು. ಇವು ಹೆಚ್ಚಾಗಿ ಕರಾವಳಿಯ ಕಾಲಕ್ಕೆ ಸೇರಿದವು. ಎರಡನೆಯದು ನೀರು, ಸ್ನಾನ, ಪಥ್ಯಗಳಿಗೆ ಸಂಬಂಧಿಸಿದವು; ಗಣೇಶಪುರಿಯ ಗಂಧಕದ ಬಿಸಿನೀರಿನ ಬುಗ್ಗೆಗಳು ಇಲ್ಲಿ ಮುಖ್ಯವಾಗುತ್ತವೆ. ಮೂರನೆಯದು ನೋಟ, ಸ್ಪರ್ಶ, ಬೈಗುಳ ಅಥವಾ ಬರಿಯ ಮೌನದಿಂದ ಗುಣವಾದ ಕಥೆಗಳು. ಕಾಲ ಸರಿದಂತೆ ಕಥನಗಳ ಒತ್ತು ಮೊದಲ ಬಗೆಯಿಂದ ಮೂರನೆಯದರ ಕಡೆಗೆ ಹೊರಳುತ್ತದೆ. ಹಳ್ಳಿಮದ್ದು ಬಲ್ಲ ಅಲೆಮಾರಿ ಯೋಗಿ ಕ್ರಮೇಣ ಮದ್ದೇ ಬೇಡದ ಮಹಾಗುರುವಾಗುತ್ತಾನೆ. ಈ ಹೊರಳುವಿಕೆಯಲ್ಲಿ ವ್ಯಕ್ತಿಯ ಬದಲಾವಣೆ ಎಷ್ಟು, ಕಥನ ಕಟ್ಟಿದವರ ಅಗತ್ಯ ಎಷ್ಟು ಎಂದು ಪ್ರಶ್ನಿಸುವುದು ಸಂಶೋಧಕರ ಕರ್ತವ್ಯ. ಗುಣವಾದವರು ಕಥೆ ಹೇಳುತ್ತಾರೆ; ಗುಣವಾಗದವರು ಸುಮ್ಮನೆ ಮನೆಗೆ ಮರಳುತ್ತಾರೆ. ಆದ್ದರಿಂದ ಈ ಕಥನಗಳನ್ನು ವೈದ್ಯಕೀಯ ದಾಖಲೆಗಳಂತೆ ಬಳಸಲು ಬರುವುದಿಲ್ಲ. ಹಾಗೆಂದು ಅವನ್ನು ಮೂಢನಂಬಿಕೆಯೆಂದು ತಳ್ಳಿಹಾಕಿದರೆ, ನೋವಿನಲ್ಲಿದ್ದ ಜನ ಒಬ್ಬ ಅನುಭಾವಿಯಲ್ಲಿ ಏನನ್ನು ಕಂಡರು ಎಂಬ ಸಾಂಸ್ಕೃತಿಕ ಸಂಗತಿ ನಮ್ಮ ಕೈಗೆ ಸಿಗುವುದಿಲ್ಲ.

ಹಸಿವನ್ನೂ ರೋಗವೆಂದೇ ಪರಿಗಣಿಸಿದ ಒಂದು ಎಳೆ ಈ ಬದುಕಿನಲ್ಲಿದೆ. ಪಳನಿಯ ಕಥೆಯ ಗಂಜಿಯಿಂದ ಗಣೇಶಪುರಿಯಲ್ಲಿ ಬಡ ಮಕ್ಕಳಿಗೆ ನಡೆಯುವ ಬಾಲಭೋಜನದವರೆಗೆ ಅದು ಹರಿದಿದೆ. ಪವಾಡದ ಕಥೆಗಳ ಗದ್ದಲದಲ್ಲಿ ಈ ಎಳೆ ಮಸುಕಾಗಬಾರದು.

5. ಮಾತು: 'ಚಿದಾಕಾಶ ಗೀತೆ'ಯ ತಾತ್ವಿಕತೆ

ಕೃತಿಯ ಹೆಸರೇ ಅದರ ಕೇಂದ್ರ ಪರಿಕಲ್ಪನೆ. ಭೂತಾಕಾಶ, ಚಿತ್ತಾಕಾಶ, ಚಿದಾಕಾಶಗಳೆಂಬ ಮೂರು ಆಕಾಶಗಳ ವಿವೇಚನೆ 'ಯೋಗವಾಸಿಷ್ಠ'ದಲ್ಲಿ ಬರುತ್ತದೆ: ಕಣ್ಣಿಗೆ ಕಾಣುವ ಬಯಲು, ಮನಸ್ಸಿನ ಬಯಲು, ಅರಿವಿನ ಬಯಲು. ನಿತ್ಯಾನಂದರು ಈ ಶಾಸ್ತ್ರೀಯ ಪದವನ್ನು ತಮ್ಮದಾಗಿಸಿಕೊಂಡು ಅದಕ್ಕೆ ದೇಹದಲ್ಲಿಯೇ ನೆಲೆ ಕೊಡುತ್ತಾರೆ. ಅವರ ಪ್ರಕಾರ ನಿಜವಾದ ಹೃದಯವಿರುವುದು ಎದೆಗೂಡಿನಲ್ಲಲ್ಲ, ಶಿರದಲ್ಲಿ. ಕುಂಡಲಿನಿ ಏರಿ ಬ್ರಹ್ಮರಂಧ್ರವನ್ನು ಸೇರುವ ಎಡೆಯೇ ಚಿದಾಕಾಶ. ಕಾಶಿಯೂ ಅಲ್ಲಿಯೇ, ಯಾತ್ರೆ ಎಂದರೆ ಉಸಿರು ಒಳಮುಖವಾಗಿ ನಡೆಯುವ ನಡೆ.

ಇಲ್ಲಿ ಉಸಿರಿನ ಸ್ಥಾನವನ್ನು ಗಮನಿಸಬೇಕು. ಉಸಿರಾಡುವುದು ಎಲ್ಲ ಪ್ರಾಣಿಗಳಿಗೂ ಸಹಜ. ಆದರೆ ಗಮನವಿಲ್ಲದೆ ಹೊರಕ್ಕೆ ಹರಿದುಹೋಗುವ ಉಸಿರು ಮನಸ್ಸನ್ನೂ ತನ್ನ ಜೊತೆಗೆ ಹೊರಗೆಳೆಯುತ್ತದೆ. ಗಮನಿಸಿದ ಉಸಿರು ಒಳಗಿನ ಪ್ರಾಣಕ್ಕೆ ದಾರಿಯಾಗುತ್ತದೆ. ಮನಸ್ಸಿನ ಚಂಚಲತೆ, ಆಸೆ, ಭಯಗಳೆಲ್ಲ ಉಸಿರಿನ ಅಸ್ತವ್ಯಸ್ತತೆಯ ರೂಪಗಳು. ಹೀಗೆ ನೋಡಿದಾಗ ರೋಗ ಮತ್ತು ಅಜ್ಞಾನಗಳ ನಡುವೆ ಮೂಲಭೂತ ಅಂತರ ಉಳಿಯುವುದಿಲ್ಲ. ಎರಡೂ ಉಸಿರು ದಾರಿತಪ್ಪಿದ ಸ್ಥಿತಿಗಳು. ಎಲೆಯ ಮದ್ದು ಹೊರಗಿನ ತುರ್ತಿಗೆ, ಉಸಿರಿನ ಅರಿವು ಒಳಗಿನ ಮೂಲಕ್ಕೆ. ಚಿಕಿತ್ಸಕ ನಿತ್ಯಾನಂದರನ್ನೂ ಬೋಧಕ ನಿತ್ಯಾನಂದರನ್ನೂ ಬೆಸೆಯುವ ತಾತ್ವಿಕ ನೆಲೆ ಇದು.

ಈ ತಾತ್ವಿಕತೆ ಸಾಮಾಜಿಕ ಪರಿಣಾಮವುಳ್ಳದ್ದು. ಉಸಿರಿಗೆ ಜಾತಿಯಿಲ್ಲ. ಅರಿವಿನ ಬಯಲು ಎಲ್ಲರ ತಲೆಯೊಳಗೂ ಒಂದೇ ಆಗಿರುವಾಗ ಅಧಿಕಾರಭೇದದ ಮಾತಿಗೆ ಎಡೆಯಿಲ್ಲ. ಸಂನ್ಯಾಸವೆಂದರೆ ಕಾವಿಯಲ್ಲ, ಮನಸ್ಸಿನ ಬಿಡುಗಡೆ. ಮನೆಯಲ್ಲಿದ್ದು ಕೆಲಸ ಮಾಡುತ್ತಿರುವವರೂ ಅದನ್ನು ಸಾಧಿಸಬಹುದು. ಈ ಮಾತನ್ನು ಮೊದಲು ಕೇಳಿ ಬರೆದುಕೊಂಡವರು ಮನೆವಾರ್ತೆಯ ನಡುವಿದ್ದ ಹೆಂಗಸರು ಎಂಬುದನ್ನು ನೆನೆದರೆ ಅದರ ತೂಕ ತಿಳಿಯುತ್ತದೆ.

ಶೈಲಿಯ ದೃಷ್ಟಿಯಿಂದ ಇದು ಬಿಡಿ ಸೂತ್ರಗಳ ಕೃತಿ. ಚಿಕ್ಕ ವಾಕ್ಯಗಳು, ಒಂದೇ ಮಾತಿನ ಮರುಕಳಿಕೆ, ಒಂದನ್ನು ಇನ್ನೊಂದಕ್ಕೆ ಸಮೀಕರಿಸುತ್ತ ಸಾಗುವ ಓಟ ಇದರ ಲಕ್ಷಣ. ಬೀಜ, ಮರ, ಬಾವಿ, ದೀಪಗಳಂತಹ ಹಳೆಯ ಉಪಮೆಗಳ ಪಕ್ಕದಲ್ಲಿ ರೈಲಿನ ಉಗಿಯಂತ್ರವೂ ಬಂದು ನಿಲ್ಲುತ್ತದೆ. ಮಂಗಳೂರಿಗೆ ರೈಲು ಬಂದುದು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ. ಉಗಿ ಯಂತ್ರವನ್ನು ನಡೆಸುವಂತೆ ಪ್ರಾಣ ದೇಹವನ್ನು ನಡೆಸುತ್ತದೆ ಎಂಬ ಹೋಲಿಕೆಗೆ ಅಂದಿನ ಕೇಳುಗರಿಗೆ ವಿವರಣೆ ಬೇಕಿರಲಿಲ್ಲ. ಶಿಶುನಾಳ ಶರೀಫರು ಗಿರಣಿಯನ್ನೂ ಮನೆಯ ಸೋರುವ ಮಾಳಿಗೆಯನ್ನೂ ತತ್ವಕ್ಕೆ ಒಗ್ಗಿಸಿಕೊಂಡಂತೆಯೇ ಇದು. ತತ್ವಪದಕಾರರ ದೇಸಿ ಮನೋಧರ್ಮವೇ ಇಲ್ಲಿ ಹಾಡನ್ನು ಬಿಟ್ಟು ಮಾತಿನ ರೂಪ ತಳೆದಿದೆ ಎನ್ನಬಹುದು.

6. ಬಯಲು, ವೆಳಿ, ಚಿದಾಕಾಶ: ತಮಿಳಿನ ಹೋಲಿಕೆ

ಕನ್ನಡ ಓದುಗರಿಗೆ ಚಿದಾಕಾಶವೆಂದೊಡನೆ ನೆನಪಾಗುವುದು ಅಲ್ಲಮನ ಬಯಲು. ತಮಿಳು ಸಿದ್ಧರಲ್ಲಿ ಇದಕ್ಕೆ ಸಂವಾದಿಯಾದ ಪದ 'ವೆಳಿ'. ಅದರ ಅರ್ಥವೂ ಬಯಲೇ. ತಮಿಳಿನ ಚಿದಂಬರವೆಂಬ ಕ್ಷೇತ್ರನಾಮವನ್ನು ಬಿಡಿಸಿದರೆ ಚಿತ್ ಮತ್ತು ಅಂಬರ, ಅಂದರೆ ಚಿದಾಕಾಶವೇ. ಅಲ್ಲಿಯ ಗುಡಿಯಲ್ಲಿ ತೆರೆ ಸರಿಸಿ ತೋರಿಸುವ ರಹಸ್ಯ ಬರಿಯ ಬಯಲು. ದೇಹವೇ ದೇಗುಲ, ಉಸಿರೇ ಸಾಧನೆ ಎಂಬ ದೃಷ್ಟಿ ತಿರುಮೂಲರ 'ತಿರುಮಂತಿರ'ದಿಂದ ತಮಿಳಿನಲ್ಲಿ ಬೆಳೆದುಬಂದಿದೆ. ತಮಿಳಿನ ಹದಿನೆಂಟು ಸಿದ್ಧರ ಪಟ್ಟಿಗಳಲ್ಲಿ ಬರುವ ಕೊರಕ್ಕರನ್ನು ನಾಥಪಂಥದ ಗೋರಕ್ಷನಾಥನೊಂದಿಗೆ ಗುರುತಿಸುವುದುಂಟು. ಕದ್ರಿಯ ಜೋಗಿಮಠಕ್ಕೂ ಪಳನಿಯ ಬೆಟ್ಟಕ್ಕೂ ನಡುವೆ ಭಾಷೆಗಳ ಗಡಿಯನ್ನು ಲೆಕ್ಕಿಸದ ಒಂದು ಕಾಲುದಾರಿ ಇತ್ತೆಂಬುದಕ್ಕೆ ಇದು ಸಾಕ್ಷಿ.

ಈ ಪರಂಪರೆಯ ಆಧುನಿಕ ಕಾಲದ ದೊಡ್ಡ ಹೆಸರು ವಳ್ಳಲಾರ್ ಎಂದು ಪ್ರಸಿದ್ಧರಾದ ರಾಮಲಿಂಗ ಸ್ವಾಮಿಗಳದು. 1823ರಲ್ಲಿ ಚಿದಂಬರದ ಸಮೀಪದ ಮರುದೂರಿನಲ್ಲಿ ಹುಟ್ಟಿದ ಅವರು ಕವಿ, ಅನುಭಾವಿ, ಮೂಲಿಕೆಗಳ ಗುಣ ಬಲ್ಲ ವೈದ್ಯ. 1865ರಲ್ಲಿ ಜಾತಿಮತಭೇದವಿಲ್ಲದ ಸನ್ಮಾರ್ಗ ಸಂಘವನ್ನೂ 1867ರಲ್ಲಿ ವಡಲೂರಿನಲ್ಲಿ ಹಸಿದವರಿಗೆ ಅನ್ನವಿಕ್ಕುವ ಧರ್ಮಶಾಲೆಯನ್ನೂ ಆರಂಭಿಸಿದರು. ಅಂದು ಹೊತ್ತಿಸಿದ ಒಲೆ ಇಂದಿಗೂ ಆರಿಲ್ಲವೆಂದು ಅಲ್ಲಿಯವರು ಹೇಳುತ್ತಾರೆ. 1872ರಲ್ಲಿ ಕಟ್ಟಿಸಿದ ಸತ್ಯಜ್ಞಾನ ಸಭೆಯಲ್ಲಿ ಏಳು ತೆರೆಗಳ ಹಿಂದೆ ಬೆಳಗುವ ಜ್ಯೋತಿಯೇ ಆರಾಧ್ಯ. 1874ರ ಜನವರಿ 30ರಂದು ಮೇಟ್ಟುಕುಪ್ಪಂನ ಕೋಣೆಯೊಂದನ್ನು ಹೊಕ್ಕವರು ಮತ್ತೆ ಕಾಣಿಸಿಕೊಳ್ಳಲಿಲ್ಲ.

ವಳ್ಳಲಾರರಲ್ಲಿ ಹಸಿವೇ ಎಲ್ಲ ರೋಗಗಳ ತಾಯಿ. ಹಸಿದವನಿಗೆ ಅನ್ನವಿಕ್ಕುವ ಜೀವಕಾರುಣ್ಯವೇ ಮೋಕ್ಷದ ಬೀಗದ ಕೈ. ನಿತ್ಯಾನಂದರ ಬದುಕಿನಲ್ಲಿ ನಡೆಯಾಗಿ ಮಾತ್ರ ಕಾಣುವುದು ವಳ್ಳಲಾರರಲ್ಲಿ ಸಿದ್ಧಾಂತವಾಗಿ, ಸಂಸ್ಥೆಯಾಗಿ ರೂಪುಗೊಂಡಿದೆ. ವಡಲೂರಿನ ಧರ್ಮಶಾಲೆಯನ್ನು ನಮ್ಮ ಶರಣರ ದಾಸೋಹದ ಪಕ್ಕದಲ್ಲಿಟ್ಟು ನೋಡಿದರೆ ದಕ್ಷಿಣ ಭಾರತದ ಅನುಭಾವದಲ್ಲಿ ಅನ್ನ ಮತ್ತು ಅರಿವು ಬೇರ್ಪಡದೆ ಬಂದಿರುವುದು ಮನವರಿಕೆಯಾಗುತ್ತದೆ.

ಆದರೆ ಇಬ್ಬರ ನಡುವೆ ನಮ್ಮ ಚರ್ಚೆಗೆ ನಿರ್ಣಾಯಕವಾದ ವ್ಯತ್ಯಾಸವೊಂದಿದೆ. ವಳ್ಳಲಾರ್ ಸ್ವತಃ ಕವಿ. ಅವರ ಜೀವಿತಕಾಲದಲ್ಲಿಯೇ, 1867ರಲ್ಲಿ, ಶಿಷ್ಯರು ಅವರ ಹಾಡುಗಳನ್ನು 'ತಿರುವರುಟ್ಪಾ' ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಅವು ಪವಿತ್ರ ಪದ್ಯಗಳೆನಿಸಿಕೊಳ್ಳಲು ತಕ್ಕವೇ ಎಂದು ಯಾಳ್ಪಾಣದ ಆರುಮುಗ ನಾವಲರ್ ಪ್ರಶ್ನಿಸಿದ್ದರಿಂದ ದೊಡ್ಡ ವಾದವೇ ಎದ್ದಿತು. ಆ ವಾದ ಎಷ್ಟೇ ಕಹಿಯಾಗಿದ್ದರೂ ತಮಿಳು ವಿದ್ವತ್‌ಲೋಕ ಆ ಪಠ್ಯವನ್ನು ಎದುರುಗೊಳ್ಳುವಂತೆ ಮಾಡಿತು. 'ಚಿದಾಕಾಶ ಗೀತೆ'ಗೆ ಕನ್ನಡದಲ್ಲಿ ಅಂತಹ ವಿರೋಧದ ಭಾಗ್ಯವೂ ದೊರೆಯಲಿಲ್ಲ. ಅದು ಭಕ್ತರ ಪೂಜೆಯ ಪುಸ್ತಕವಾಗಿ ಉಳಿಯಿತು.

7. ಬರೆದವರು ಯಾರು? ಕರ್ತೃತ್ವದ ಪ್ರಶ್ನೆ

ಗಣೇಶಪುರಿಯ ವರ್ಷಗಳಲ್ಲಿ ನಿತ್ಯಾನಂದರು ಮಾತು ಕಡಿಮೆ ಮಾಡಿ ಬಹುಪಾಲು ಮೌನವಾಗಿದ್ದರು. ಅವರ ಮಾತಿನ ಮುಖ್ಯ ದಾಖಲೆ ಎಂದರೆ 1920ರ ದಶಕದ ಮಂಗಳೂರಿನ ಈ ಕನ್ನಡ ಪಠ್ಯ. ಅವರು ಕನ್ನಡ, ತುಳು, ಕೊಂಕಣಿ, ಮಲಯಾಳಂ ಮೊದಲಾದ ಭಾಷೆಗಳನ್ನು ಬಲ್ಲವರಾಗಿದ್ದರು. ಇಷ್ಟು ಭಾಷೆಗಳ ನಡುವೆ ಮಾತು ಬರಹಕ್ಕಿಳಿದದ್ದು ಕನ್ನಡದಲ್ಲಿ. ದಕ್ಷಿಣ ಕನ್ನಡದಲ್ಲಿ ಮನೆಮಾತು ಯಾವುದೇ ಇರಲಿ, ಶಾಲೆಯ, ಓದುಬರಹದ ಭಾಷೆ ಕನ್ನಡವಾಗಿತ್ತು. ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾದ ಊರು ಅದು. ತುಳು, ಕೊಂಕಣಿಗಳ ನಡುವೆ ಬಾಳಿದ ಈ ಮಂಗಳೂರು ಕನ್ನಡ ಅನುಭಾವದ ವಾಹಕವಾದ ಬಗೆ ಸ್ವತಂತ್ರ ಅಧ್ಯಯನಕ್ಕೆ ತಕ್ಕ ವಿಷಯ.

ತುಳಸಿಅಮ್ಮನವರ ಪಾತ್ರವನ್ನು ಲಿಪಿಕಾರ್ತಿಯ ಪಾತ್ರವೆಂದಷ್ಟೇ ಕರೆದರೆ ಸಾಲದು. ಭಾವಪರವಶ ಸ್ಥಿತಿಯಲ್ಲಿ ಬಂದ ಮಾತನ್ನು ಬರೆದುಕೊಳ್ಳುವವರು ಏನನ್ನು ಕೇಳುತ್ತಾರೆ, ಏನನ್ನು ಬಿಡುತ್ತಾರೆ, ಎಲ್ಲಿ ವಾಕ್ಯ ನಿಲ್ಲಿಸುತ್ತಾರೆ ಎಂಬುದರ ಮೇಲೆ ಪಠ್ಯದ ರೂಪ ನಿಂತಿದೆ. ರಾಮಕೃಷ್ಣ ಪರಮಹಂಸರ ಮಾತುಗಳನ್ನು ಬರೆದಿಟ್ಟ ಮಹೇಂದ್ರನಾಥ ಗುಪ್ತರ ಪಾತ್ರವನ್ನು ಬಂಗಾಳಿ ಸಾಹಿತ್ಯ ಗೌರವದಿಂದ ನೆನೆಯುತ್ತದೆ. ರಮಣ ಮಹರ್ಷಿಗಳ ಸನ್ನಿಧಿಯ ದಿನಚರಿಯನ್ನು 1945ರಿಂದ ತೆಲುಗಿನಲ್ಲಿ ಪತ್ರಗಳಾಗಿ ಬರೆದ ಸೂರಿ ನಾಗಮ್ಮನವರನ್ನು ಲೇಖಕಿಯೆಂದೇ ಗುರುತಿಸಲಾಗಿದೆ. ತುಳಸಿಅಮ್ಮ ಇದೇ ಕೆಲಸವನ್ನು ಕನ್ನಡದಲ್ಲಿ ಸುಮಾರು ಎರಡು ದಶಕಗಳ ಮೊದಲೇ ಮಾಡಿದ್ದರು. ವಚನಗಳನ್ನು ಸಂವಾದವಾಗಿ ಜೋಡಿಸಿದ ಶೂನ್ಯಸಂಪಾದನಕಾರರಿಗೆ ಕರ್ತೃತ್ವದ ಗೌರವ ಕೊಟ್ಟ ನಾವು ಈ ಮಹಿಳೆಗೆ ಅದನ್ನು ಕೊಡಲು ಹಿಂಜರಿಯಬೇಕಾಗಿಲ್ಲ. ಆಧುನಿಕ ಕನ್ನಡದ ಮಹಿಳಾ ಬರವಣಿಗೆಯ ಚರಿತ್ರೆಯನ್ನು ಕಥೆ, ಕಾದಂಬರಿಗಳಿಂದಲೇ ಕಟ್ಟುವ ರೂಢಿಯನ್ನು ಈ ಪಠ್ಯ ಪ್ರಶ್ನಿಸುತ್ತದೆ.

ಕೃತಿಯ ಮುಂದಿನ ಪಯಣವೂ ವಿಚಾರಾರ್ಹ. ಹಟ್ಟಂಗಡಿ ಮತ್ತು ಚೇತನಾನಂದರು ಸಿದ್ಧಪಡಿಸಿದ ಇಂಗ್ಲಿಷ್ ರೂಪ 1985ರಲ್ಲಿ ಅಮೆರಿಕದ ಪ್ರಕಾಶನವೊಂದರಿಂದ ಹೊರಬಂದಿತು. ಮುಂದೆ ಅದಕ್ಕೆ 'ಹೃದಯದ ಆಕಾಶ' ಎಂಬ ಅರ್ಥದ ಹೆಸರು ಬಂತು. ಜಗತ್ತು ನಿತ್ಯಾನಂದರನ್ನು ಓದುವುದು ಹೆಚ್ಚಾಗಿ ಇಂಗ್ಲಿಷ್ ಅನುವಾದಗಳ ಮೂಲಕ. ಉಸಿರು, ಶ್ವಾಸ, ಪ್ರಾಣ ಎಂಬ ಪದಗಳ ನಡುವೆ ಕನ್ನಡದ ಕಿವಿಗೆ ಸ್ಪಷ್ಟ ಅಂತರವಿದೆ: ಉಸಿರು ಮೈಗೆ ಸೇರಿದ್ದು, ಶ್ವಾಸ ಅಭ್ಯಾಸಕ್ಕೆ, ಪ್ರಾಣ ತತ್ವಕ್ಕೆ. ಇಂಗ್ಲಿಷಿನ ಒಂದೇ ಪದ ಇವೆಲ್ಲದರ ಭಾರ ಹೊರಬೇಕಾದಾಗ ಮದ್ದಿನಿಂದ ಮೋಕ್ಷದವರೆಗಿನ ಮೆಟ್ಟಿಲುಗಳು ಮಸುಕಾಗುತ್ತವೆ. ಶಿರಸ್ಸಿನಲ್ಲಿ ನೆಲೆಗೊಳಿಸಿದ ಚಿದಾಕಾಶ 'ಹೃದಯದ ಆಕಾಶ'ವಾದಾಗ ಯೋಗದ ಪರಿಭಾಷೆ ಭಾವುಕತೆಯ ಕಡೆಗೆ ವಾಲುತ್ತದೆ. ಅನುವಾದಕರನ್ನು ದೂಷಿಸುವ ಮಾತಲ್ಲ ಇದು. ಅವರು ತಮ್ಮ ಓದುಗರಿಗೆ ತಮ್ಮ ಕೆಲಸ ಮಾಡಿದರು. ಮೂಲ ಪಠ್ಯವನ್ನು ಕಾಯುವ ಹೊಣೆ ಮೂಲ ಭಾಷೆಯವರದು.

8. ಸಮಾರೋಪ

ಮೇಲಿನ ವಿವೇಚನೆಯಿಂದ ಹೊರಡುವ ಮುಖ್ಯ ಅಂಶಗಳನ್ನು ಹೀಗೆ ಕ್ರೋಡೀಕರಿಸಬಹುದು:

(1) ನಿತ್ಯಾನಂದರ ರೋಗನಿವಾರಣೆಯ ಕಥನಗಳು ವೈದ್ಯಕೀಯ ಪುರಾವೆಗಳಲ್ಲ. ಅವು ಕರಾವಳಿಯ ಹಳ್ಳಿಮದ್ದು, ನಾಥ ಸಿದ್ಧ ಪರಂಪರೆ ಮತ್ತು ಅಂದಿನ ರೋಗರುಜಿನಗಳ ಅನುಭವ ಸೇರಿ ರೂಪುಗೊಂಡ ಸಾಂಸ್ಕೃತಿಕ ಕಥನಗಳು.

(2) ಅವರ ಚಿಕಿತ್ಸೆ ಮತ್ತು ಬೋಧನೆಗಳಿಗೆ ಉಸಿರೇ ಸಮಾನ ನೆಲೆ. ಅದನ್ನು ಗುರುತಿಸದೆ ಮಾಡಿದ ಓದು ಪವಾಡದ ಕಡೆಗೋ ಶುಷ್ಕ ಯೋಗಶಾಸ್ತ್ರದ ಕಡೆಗೋ ಜಾರುತ್ತದೆ.

(3) ಅಲ್ಲಮನ ಬಯಲು, ತಮಿಳು ಸಿದ್ಧರ ವೆಳಿ, ನಿತ್ಯಾನಂದರ ಚಿದಾಕಾಶಗಳು ಪರಸ್ಪರ ಹೋಲಿಕೆಗೆ ಒದಗುವ ಪರಿಕಲ್ಪನೆಗಳು. ವಳ್ಳಲಾರರ ಬದುಕು ಈ ಹೋಲಿಕೆಗೆ ಅನ್ನದ ಆಯಾಮವನ್ನು ಸೇರಿಸುತ್ತದೆ.

(4) 'ಚಿದಾಕಾಶ ಗೀತೆ' ಕನ್ನಡದ ಅನುಭಾವ ಪಠ್ಯ. ತುಳಸಿಅಮ್ಮ ಅದರ ಸಹಕರ್ತೃ.

ಕೊನೆಯ ಅಂಶವೇ ನಮ್ಮಿಂದ ಕೆಲಸವನ್ನು ಬೇಡುವಂಥದ್ದು. ತತ್ವಪದಗಳನ್ನು ಊರೂರು ತಿರುಗಿ ಸಂಗ್ರಹಿಸಿ ಸಂಪುಟಗಳಾಗಿ ತಂದ ಅನುಭವ ಕನ್ನಡ ವಿದ್ವತ್ತಿಗಿದೆ. ಅದೇ ಶ್ರದ್ಧೆಯಿಂದ ಈ ಕೃತಿಯ ಹಳೆಯ ಕನ್ನಡ ಮುದ್ರಣಗಳನ್ನು ಒಟ್ಟುಗೂಡಿಸಿ, ಪಾಠಾಂತರಗಳನ್ನು ಗುರುತಿಸಿ, ಪ್ರಾದೇಶಿಕ ಪದಗಳಿಗೆ ಅರ್ಥಕೋಶ ಸೇರಿಸಿ ಶಾಸ್ತ್ರೀಯ ಆವೃತ್ತಿಯೊಂದನ್ನು ಸಿದ್ಧಪಡಿಸಬೇಕಾಗಿದೆ. ಕುಂದಾಪುರದಿಂದ ಕಾಞಂಗಾಡಿನವರೆಗೆ ಹಿರಿಯರ ನೆನಪಿನಲ್ಲಿ ಉಳಿದಿರುವ ಕಥನಗಳನ್ನು ಇದರ ಜೊತೆಗೆ ದಾಖಲಿಸುವುದು ತುರ್ತಿನ ಕೆಲಸ. 1961ಕ್ಕೆ ಮೊದಲು ಅವರನ್ನು ಕಣ್ಣಾರೆ ಕಂಡವರ ತಲೆಮಾರು ಮರೆಯಾಗುತ್ತಿದೆ. ತಾಯ್ನುಡಿ ಕನ್ನಡವಲ್ಲದ ಅನುಭಾವಿಯೊಬ್ಬರ ಮಾತನ್ನು ಕನ್ನಡದ ಹೆಣ್ಣುಮಗಳೊಬ್ಬಳು ತನ್ನ ಕೈಬರಹದಲ್ಲಿ ಕಾಪಾಡಿದಳು. ಅದನ್ನು ಕನ್ನಡದ್ದೆಂದು ಓದುವುದು ಆ ಕೈಬರಹಕ್ಕೆ ಸಲ್ಲಬೇಕಾದ ಕನಿಷ್ಠ ಋಣ.